ಡಿಎಸ್‌ಎಸ್ ಏಜೆಂಟ್ ಆಗಲು ಹೊರಟವರು ಎಡವುವುದು ಓಟದಲ್ಲಲ್ಲ, ಕಾಗದಪತ್ರದಲ್ಲಿ: ಅರ್ಜಿಯಿಂದ ಮೊದಲ ಪೋಸ್ಟಿಂಗ್‌ವರೆಗೆ ಹಂತ ಹಂತದ ಮಾರ್ಗದರ್ಶಿ

ಅಮೆರಿಕದ ವಿದೇಶಾಂಗ ಇಲಾಖೆಯ ಭದ್ರತೆ ಮತ್ತು ತನಿಖಾ ವಿಭಾಗ ಡಿಪ್ಲೊಮ್ಯಾಟಿಕ್ ಸೆಕ್ಯುರಿಟಿ ಸರ್ವಿಸ್, ಅಂದರೆ ಡಿಎಸ್‌ಎಸ್. ರಾಯಭಾರ ಕಚೇರಿಗಳ ಕಾವಲು, ವಿದೇಶಾಂಗ ಸಚಿವರ ಅಂಗರಕ್ಷಣೆ, ಪಾಸ್‌ಪೋರ್ಟ್ ಮತ್ತು ವೀಸಾ ವಂಚನೆಯ ತನಿಖೆ ಇದರ ಮುಖ್ಯ ಕೆಲಸಗಳು. ಇಲ್ಲಿನ ಸ್ಪೆಷಲ್ ಏಜೆಂಟ್ ಹುದ್ದೆಗೆ ಅಮೆರಿಕದಲ್ಲೇ ಬೆಳೆದ ಕನ್ನಡಿಗರ ಮಕ್ಕಳೂ ಈಗ ಅರ್ಜಿ ಹಾಕುತ್ತಿದ್ದಾರೆ. ಓದು ಇರುತ್ತದೆ, ಮೈಕಟ್ಟು ಇರುತ್ತದೆ, ಇಂಗ್ಲಿಷ್ ಸರಾಗವಾಗಿರುತ್ತದೆ. ಆದರೂ ಬಹಳ ಮಂದಿ ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತಾರೆ. ಊರಿನಲ್ಲಿರುವ ನೆಂಟರು, ಅಪ್ಪನ ಹೆಸರಿನ ಜಮೀನು, ಅಮ್ಮನ ಜೊತೆಗಿನ ಜಂಟಿ ಖಾತೆ, ಇವುಗಳನ್ನು ಫಾರ್ಮಿನಲ್ಲಿ ಹೇಗೆ ಬರೆಯಬೇಕೆಂದು ಅವರಿಗೆ ಗೊತ್ತಿರುವುದಿಲ್ಲ.

ಆ ಫಾರ್ಮಿನ ಹೆಸರು ಎಸ್‌ಎಫ್-86, ಅಭ್ಯರ್ಥಿಯ ಹಿನ್ನೆಲೆ ತನಿಖೆಗೆಂದು ಅಮೆರಿಕ ಸರ್ಕಾರ ತುಂಬಿಸಿಕೊಳ್ಳುವ ಪ್ರಶ್ನಾವಳಿ. ಆಯ್ಕೆ ಪ್ರಕ್ರಿಯೆಯಲ್ಲಿ ಅದು ಬರುವುದು ಸಂದರ್ಶನ ಮುಗಿದ ಮೇಲೆ, ತುಂಬಲು ಕೊಡುವ ಸಮಯವೂ ಕಡಿಮೆ. ಹಾಗಾಗಿ ಇಲ್ಲಿ ಕ್ರಮವನ್ನು ತಿರುವುಮುರುವು ಮಾಡಿದ್ದೇವೆ: ಮೊದಲು ಕಾಗದಪತ್ರ, ಆಮೇಲೆ ಅರ್ಜಿ.

ಹಂತ 1: ಬಾಗಿಲಲ್ಲೇ ತಡೆಯುವ ಷರತ್ತುಗಳು

ವಯಸ್ಸು. ಅರ್ಜಿ ಹಾಕಲು ಕನಿಷ್ಠ 20, ನೇಮಕವಾಗಲು 21 ವರ್ಷ ಆಗಿರಬೇಕು. ಮೇಲ್ಮಿತಿಯ ವಿಷಯದಲ್ಲಿ ಎಡವಟ್ಟು ಹೆಚ್ಚು. 37 ತುಂಬುವ ಮೊದಲು ಅರ್ಜಿ ಹಾಕಿದರೆ ಸಾಲದು, ನೇಮಕವೇ ಆಗಿರಬೇಕು. ಹಿಂದೆ ಸೈನ್ಯದಲ್ಲಿದ್ದು ಆದ್ಯತೆ ಪಡೆದವರಿಗೆ ಇದರಲ್ಲಿ ವಿನಾಯಿತಿ ಸಿಗಬಹುದು. ಅರ್ಜಿಯಿಂದ ನೇಮಕದವರೆಗೆ ಒಂದು ವರ್ಷಕ್ಕೂ ಹೆಚ್ಚು ಹಿಡಿಯುವುದು ಮಾಮೂಲು. 36ರಲ್ಲಿ ಅರ್ಜಿ ಹಾಕುವವರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು.

ಪೌರತ್ವ. ಗ್ರೀನ್ ಕಾರ್ಡ್ ಸಾಕಾಗುವುದಿಲ್ಲ, ಅಮೆರಿಕದ ಪೌರರೇ ಆಗಿರಬೇಕು. ಜಗತ್ತಿನ ಯಾವ ಮೂಲೆಗೆ ಕಳಿಸಿದರೂ ಹೋಗುತ್ತೇನೆ ಎಂಬ ಒಪ್ಪಿಗೆಯೂ ಷರತ್ತಿನ ಭಾಗ. ಇದು ಸಹಿಗಷ್ಟೇ ಇರುವ ಸಾಲು ಎಂದುಕೊಳ್ಳಬೇಡಿ.

ಪದವಿ. ನಾಲ್ಕು ವರ್ಷದ ಪದವಿ ಬೇಕು, ವಿಷಯ ಯಾವುದಾದರೂ ನಡೆಯುತ್ತದೆ. ಕ್ರಿಮಿನಾಲಜಿಯನ್ನೇ ಓದಿರಬೇಕು ಎಂಬುದು ತಪ್ಪು ಕಲ್ಪನೆ. ಲೆಕ್ಕಪತ್ರ, ಕಂಪ್ಯೂಟರ್, ಭಾಷೆ ಓದಿದವರೂ ಬರುತ್ತಾರೆ.

ಸೆಲೆಕ್ಟಿವ್ ಸರ್ವಿಸ್ ನೋಂದಣಿ, ಅಂದರೆ ಕಡ್ಡಾಯ ಸೇನಾ ಭರ್ತಿಯ ಅಗತ್ಯ ಬಿದ್ದರೆ ಬಳಸಲು ಸರ್ಕಾರ ಇಟ್ಟುಕೊಳ್ಳುವ ಪಟ್ಟಿಗೆ ಹೆಸರು ಸೇರಿಸುವುದು. ಇದು ಗಂಡುಮಕ್ಕಳಿಗೆ ಮಾತ್ರ, ಮತ್ತು ನಮ್ಮವರು ಹೆಚ್ಚಾಗಿ ಮರೆಯುವುದೂ ಇದನ್ನೇ. 18ರಿಂದ 25ರ ವಯಸ್ಸಿನಲ್ಲಿ ಅಮೆರಿಕದಲ್ಲಿ ನೆಲೆಸಿದ್ದ ಗಂಡಸರ ಹೆಸರು ಅಲ್ಲಿ ದಾಖಲಾಗಿರಬೇಕು. ಎಚ್-4 (ಅವಲಂಬಿತರ) ಅಥವಾ ಎಫ್-1 (ವಿದ್ಯಾರ್ಥಿ) ವೀಸಾದಲ್ಲಿ ಇದ್ದಷ್ಟು ದಿನ ಈ ನಿಯಮ ಅನ್ವಯಿಸುವುದಿಲ್ಲ. ಆದರೆ 21ನೇ ವಯಸ್ಸಿಗೆ ಗ್ರೀನ್ ಕಾರ್ಡ್ ಬಂದಿದ್ದರೆ ಆವತ್ತಿನಿಂದ ಅನ್ವಯಿಸುತ್ತದೆ. 26 ದಾಟಿದ ಮೇಲೆ ನೋಂದಣಿಗೆ ಅವಕಾಶವಿಲ್ಲ. ಆಗ ಸೆಲೆಕ್ಟಿವ್ ಸರ್ವಿಸ್‌ನಿಂದ ಸ್ಥಿತಿ ವಿವರಣಾ ಪತ್ರ ತರಿಸಿಕೊಂಡು, ಬೇಕೆಂದೇ ತಪ್ಪಿಸಿಕೊಂಡದ್ದಲ್ಲ ಎಂದು ತೋರಿಸಬೇಕಾಗುತ್ತದೆ. ನಿಮ್ಮ ಹೆಸರು ಪಟ್ಟಿಯಲ್ಲಿದೆಯೇ ಎಂದು ಇವತ್ತೇ ನೋಡಿಕೊಳ್ಳಿ.

ಕೌಟುಂಬಿಕ ಹಿಂಸೆಯ ಪ್ರಕರಣದಲ್ಲಿ ಶಿಕ್ಷೆಯಾಗಿದ್ದರೆ, ಅದು ಸಣ್ಣ ಅಪರಾಧವೆಂದು ಮುಗಿದಿದ್ದರೂ, 1996ರ ಕಾನೂನಿನ ಪ್ರಕಾರ ಬಂದೂಕು ಹಿಡಿಯುವಂತಿಲ್ಲ. ಬಂದೂಕು ಇಲ್ಲದೆ ಈ ಕೆಲಸವೂ ಇಲ್ಲ.

ಹಂತ 2: ಒಂದು ಫೈಲು ಮಾಡಿ

ದಪ್ಪ ರಟ್ಟಿನ ಫೈಲು ಒಂದು, ಸ್ಪ್ರೆಡ್‌ಶೀಟ್ ಒಂದು. ಬೇರೆ ಸಾಧನ ಬೇಕಿಲ್ಲ. ಆದರೆ ಇದಕ್ಕೆ ಎರಡು ಮೂರು ತಿಂಗಳು ಹಿಡಿಯುತ್ತದೆ, ಏಕೆಂದರೆ ಅರ್ಧ ಮಾಹಿತಿ ಊರಿನಿಂದ ಬರಬೇಕು.

ಕಳೆದ 10 ವರ್ಷದ ವಿಳಾಸಗಳನ್ನು ತಿಂಗಳು ಬಿಡದೆ ಬರೆಯಿರಿ. ಮಾರ್ಚ್‌ನಲ್ಲಿ ಒಂದು ಮನೆ ಬಿಟ್ಟು ಮೇನಲ್ಲಿ ಇನ್ನೊಂದಕ್ಕೆ ಹೋಗಿದ್ದರೆ ಏಪ್ರಿಲ್‌ನಲ್ಲಿ ಎಲ್ಲಿದ್ದಿರಿ ಎಂದು ಕೇಳಿಯೇ ಕೇಳುತ್ತಾರೆ. ಅಂಚೆ ಪೆಟ್ಟಿಗೆ ಸಂಖ್ಯೆ ನಡೆಯುವುದಿಲ್ಲ. ಕಳೆದ 3 ವರ್ಷದ ಪ್ರತಿ ವಿಳಾಸಕ್ಕೂ ಅಲ್ಲಿ ನಿಮ್ಮನ್ನು ಕಂಡವರೊಬ್ಬರ ಹೆಸರು, ಫೋನ್ ಬೇಕು: ನೆರೆಯವರು, ಮನೆ ಮಾಲೀಕರು, ರೂಮ್‌ಮೇಟ್. ಕೆಲಸದ ವಿವರಕ್ಕೂ ಇದೇ ಕ್ರಮ. ನಿರುದ್ಯೋಗಿಯಾಗಿದ್ದ ತಿಂಗಳುಗಳನ್ನೂ ಹಾಗೆಂದೇ ಬರೆಯಬೇಕು.

ನಿಮ್ಮನ್ನು ಚೆನ್ನಾಗಿ ಬಲ್ಲ ಮೂವರ ಹೆಸರನ್ನು ಬೇರೆಯಾಗಿ ಕೇಳುತ್ತಾರೆ. ಮೂವರೂ ಸೇರಿ ಕಳೆದ 7 ವರ್ಷವನ್ನು ಆವರಿಸುವಂತಿರಬೇಕು. ಇಲ್ಲಿ ಮಾವ, ಭಾವನ ಹೆಸರು ಕೊಡುವುದು ಪದೇ ಪದೇ ಆಗುವ ತಪ್ಪು. ನೆಂಟರು ಲೆಕ್ಕಕ್ಕಿಲ್ಲ, ಸ್ನೇಹಿತರು ಬೇಕು, ಆದಷ್ಟೂ ಅಮೆರಿಕದಲ್ಲೇ ಇರುವವರು.

ಭಾರತದಲ್ಲಿ ಹುಟ್ಟಿ ಪೌರತ್ವ ಪಡೆದವರಿಗೆ ಇನ್ನೂ ಕೆಲವು ಕಾಗದ ಬೇಕು. ಬೇರೆ ದೇಶದ ಪಾಸ್‌ಪೋರ್ಟ್ ಯಾವತ್ತಾದರೂ ಇತ್ತೇ ಎಂದು ಫಾರ್ಮ್ ಕೇಳುತ್ತದೆ. ಹಳೆಯ ಭಾರತೀಯ ಪಾಸ್‌ಪೋರ್ಟಿನ ಸಂಖ್ಯೆ, ಕೊಟ್ಟ ದಿನ, ಮುಗಿದ ದಿನ ಬೇಕು, ಜೊತೆಗೆ ಅದನ್ನು ಒಪ್ಪಿಸಿದ ಸರೆಂಡರ್ ಸರ್ಟಿಫಿಕೇಟ್. ಅಪ್ಪ ಅಮ್ಮ ಅಮೆರಿಕದ ಪೌರರಾಗಿದ್ದರೆ ಅವರ ಪೌರತ್ವ ಪ್ರಮಾಣಪತ್ರದ ಸಂಖ್ಯೆಯೂ ಬೇಕಾಗುತ್ತದೆ.

ವಿದೇಶಿ ಪೌರರಾದ ಭಾರತ ಮೂಲದವರಿಗೆ ಭಾರತ ಕೊಡುವ ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡ್ ಬಗ್ಗೆ ಗೊಂದಲ ಬಹಳ. ಹೆಸರಿನಲ್ಲಿ ‘ಸಿಟಿಜನ್’ ಇದ್ದರೂ ಅದು ಪೌರತ್ವವಲ್ಲ, ಭಾರತ ದ್ವಿಪೌರತ್ವ ಕೊಡುವುದೇ ಇಲ್ಲ. ಹಾಗೆಂದು ಅದರ ವಿಷಯ ಎತ್ತದೇ ಇರಬೇಡಿ. ವಿವರಣೆಯ ಜಾಗದಲ್ಲಿ ಕಾರ್ಡ್ ಸಂಖ್ಯೆ, ಪಡೆದ ಕಾರಣ ಎರಡನ್ನೂ ಬರೆಯಿರಿ. ‘ವೀಸಾ ತಾಪತ್ರಯ ತಪ್ಪಿಸಲು ಪಡೆದದ್ದು’ ಎನ್ನುವುದು ಸತ್ಯವಾಗಿದ್ದರೆ ಅಷ್ಟೇ ಸಾಕು.

ಇನ್ನೊಂದು ತೊಡಕು ಹೆಸರಿನದು. ಮಾರ್ಕ್ಸ್ ಕಾರ್ಡಿನಲ್ಲಿ ಎರಡು ಇನಿಷಿಯಲ್ ಮತ್ತು ಹೆಸರು, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರೇ ಸರ್‌ನೇಮ್, ಮದುವೆಯಾದ ಮೇಲೆ ಗಂಡನ ಹೆಸರು. ಇವು ನಮಗೆ ಒಂದೇ ಹೆಸರು, ಕಂಪ್ಯೂಟರಿಗೆ ಮೂರು. ‘ಬಳಸಿದ ಇತರ ಹೆಸರುಗಳು’ ಎಂಬಲ್ಲಿ ಎಲ್ಲವನ್ನೂ, ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂದು ಸೇರಿಸಿ ಬರೆಯಿರಿ.

ಹಂತ 3: ನೆಂಟರ ಪಟ್ಟಿ

ಇಲ್ಲಿ ಸಾವಕಾಶ ಬೇಕು. ಫಾರ್ಮಿನ 18ನೇ ವಿಭಾಗ ಹತ್ತಿರದ ಸಂಬಂಧಿಕರದ್ದು: ತಂದೆ, ತಾಯಿ, ಅಣ್ಣ ತಮ್ಮ, ಅಕ್ಕ ತಂಗಿ, ಮಕ್ಕಳು, ಅತ್ತೆ, ಮಾವ. ತೀರಿಕೊಂಡವರನ್ನೂ ಬಿಡುವಂತಿಲ್ಲ. ಚಿಕ್ಕಪ್ಪ, ದೊಡ್ಡಮ್ಮ, ಸೋದರಮಾವ, ಕಸಿನ್‌ಗಳು ಈ ಪಟ್ಟಿಯಲ್ಲಿಲ್ಲ. ಅದನ್ನು ಕಂಡು ನಿರಾಳವಾಗುವವರು ಮುಂದಿನ ವಿಭಾಗದಲ್ಲಿ ಮುಗ್ಗರಿಸುತ್ತಾರೆ.

19ನೇ ವಿಭಾಗ ಕೇಳುವುದು ಇದನ್ನು: ಕಳೆದ 7 ವರ್ಷದಲ್ಲಿ ನಿಮಗೋ ನಿಮ್ಮ ಸಂಗಾತಿಗೋ ಹತ್ತಿರದ ಅಥವಾ ನಿರಂತರ ಸಂಪರ್ಕವಿರುವ, ಪ್ರೀತಿ, ಪ್ರಭಾವ, ಹಂಗು ಅಥವಾ ಸಮಾನ ಹಿತಾಸಕ್ತಿಯಿಂದ ಕಟ್ಟಿಕೊಂಡ ವಿದೇಶಿ ಪ್ರಜೆಗಳು ಯಾರು? ಬೇಸಿಗೆ ರಜೆಯಲ್ಲಿ ಮನೆಯಲ್ಲಿಟ್ಟುಕೊಂಡು ಸಾಕಿದ ಸೋದರತ್ತೆ ಇದಕ್ಕೆ ಸೇರುತ್ತಾರೆ. ಎಂಬತ್ತು ಜನರ ಫ್ಯಾಮಿಲಿ ವಾಟ್ಸಾಪ್ ಗುಂಪಿನಲ್ಲಿ ಹಬ್ಬಕ್ಕೊಮ್ಮೆ ಹೂವಿನ ಚಿತ್ರ ಕಳಿಸುವ ದೂರದ ನೆಂಟರು ಸೇರುವುದಿಲ್ಲ. ಪರೀಕ್ಷೆ ಸುಲಭ: ಆ ವ್ಯಕ್ತಿ ನಾಳೆ ಕಷ್ಟದಲ್ಲಿ ಸಿಕ್ಕಿ ನಿಮಗೇ ಫೋನ್ ಮಾಡಿದರೆ ನೀವು ಹಣವನ್ನೋ ಸಮಯವನ್ನೋ ಕೊಡುತ್ತೀರಾ? ಕೊಡುತ್ತೀರಿ ಎಂದಾದರೆ ಬರೆಯಿರಿ.

ಪ್ರತಿಯೊಬ್ಬರ ಹೆಸರು, ಹುಟ್ಟಿದ ದಿನ, ವಿಳಾಸ, ಕೆಲಸ, ಸಂಪರ್ಕದ ರೀತಿ, ಎಷ್ಟು ದಿನಕ್ಕೊಮ್ಮೆ, ಕೊನೆಯ ಸಂಪರ್ಕ ಯಾವಾಗ ಎಂಬುದು ಬೇಕು. ತುಂಬಿದ ಒಂದು ನಮೂದು ಹೀಗಿರುತ್ತದೆ:

ಸಂಬಂಧ: ತಾಯಿಯ ತಮ್ಮ. ವಾಸ: ಮೈಸೂರು. ಕೆಲಸ: ಎಚ್‌ಎಎಲ್‌ನಿಂದ ನಿವೃತ್ತರು, ಅದು ಭಾರತ ಸರ್ಕಾರದ ಉದ್ಯಮ. ಸಂಪರ್ಕ: ಮೂರು ತಿಂಗಳಿಗೊಮ್ಮೆ ಫೋನ್, ಭಾರತಕ್ಕೆ ಹೋದಾಗ ಭೇಟಿ. ಮಾತು: ಮನೆಯ ಸಮಾಚಾರ. ನನ್ನ ಅರ್ಜಿಯ ವಿಷಯ ಅವರಿಗೆ ತಿಳಿದಿಲ್ಲ.

ಇದರಲ್ಲಿ ಎಚ್‌ಎಎಲ್ ಹೆಸರನ್ನು ಗಮನಿಸಿ. ಬೆಂಗಳೂರಿನ ನಂಟಿರುವ ಮನೆಗಳಲ್ಲಿ ಎಚ್‌ಎಎಲ್, ಬಿಇಎಲ್, ಇಸ್ರೊ, ಡಿಆರ್‌ಡಿಒ ಪ್ರಯೋಗಾಲಯ ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ದುಡಿದವರು ಇದ್ದೇ ಇರುತ್ತಾರೆ. ನಮಗೆ ಅದು ಹೆಮ್ಮೆಯ ಸರ್ಕಾರಿ ನೌಕರಿ, ತನಿಖಾಧಿಕಾರಿಗೆ ವಿದೇಶಿ ಸರ್ಕಾರದ ರಕ್ಷಣಾ ಅಥವಾ ಬಾಹ್ಯಾಕಾಶ ಸಂಸ್ಥೆಯ ಸಂಬಂಧ. ‘ರಿಟೈರ್ಡ್ ಎಂಜಿನಿಯರ್’ ಎಂದಷ್ಟೇ ಬರೆದು, ಮುಂದೆ ಅವರಾಗಿಯೇ ಅದನ್ನು ಕಂಡುಹಿಡಿದರೆ ‘ಮುಚ್ಚಿಟ್ಟರು’ ಎಂದಾಗುತ್ತದೆ. ಮೊದಲೇ ಬರೆದಿದ್ದರೆ ಅದು ಕೇಳಿ ಮುಗಿಸುವ ಒಂದು ಪ್ರಶ್ನೆ.

ಹಿರಿಯರ ಜನ್ಮದಿನಾಂಕ ಇನ್ನೊಂದು ಫಜೀತಿ. ಶಾಲೆಗೆ ಸೇರಿಸುವಾಗ ಬರೆಸಿದ ತಾರೀಖೇ ಒಂದು, ಜಾತಕದಲ್ಲಿರುವುದೇ ಒಂದು. ಪಾಸ್‌ಪೋರ್ಟಿನಲ್ಲಿರುವುದನ್ನು ಬರೆಯಿರಿ. ಯಾವ ದಾಖಲೆಯೂ ಇಲ್ಲದಿದ್ದರೆ ದಿನಾಂಕದ ಪಕ್ಕದಲ್ಲಿ ‘ಅಂದಾಜು’ ಎಂದು ಗುರುತಿಸುವ ಚೌಕವಿದೆ, ಅದು ಇರುವುದು ಇದಕ್ಕೇ. ವಿಳಾಸಕ್ಕೆ ಬೀದಿ ಸಂಖ್ಯೆ ಇಲ್ಲದಿದ್ದರೆ ‘ಬಸವಣ್ಣ ದೇವಸ್ಥಾನದ ಹಿಂದೆ’ ಎಂದೇ ಬರೆಯಬಹುದು. ಇಲ್ಲದ ನಂಬರನ್ನು ಸೃಷ್ಟಿಸಬೇಡಿ.

ಹಂತ 4: ಜಮೀನು, ಖಾತೆ, ಕಳಿಸಿದ ದುಡ್ಡು

20ನೇ ವಿಭಾಗದಲ್ಲಿ ವಿದೇಶದ ಹಣಕಾಸಿನ ಹಿತಾಸಕ್ತಿ ಕೇಳುತ್ತಾರೆ. ‘ನನ್ನ ಹೆಸರಿನಲ್ಲಿ ಏನೂ ಇಲ್ಲ’ ಎಂದು ಎಲ್ಲದಕ್ಕೂ ‘ಇಲ್ಲ’ ಒತ್ತುವುದು ನಾವು ಕಂಡ ಅತಿ ದುಬಾರಿ ತಪ್ಪು. ಪ್ರಶ್ನೆಗಳು ಜಂಟಿ ಒಡೆತನ, ಬೇರೆಯವರ ಮೂಲಕ ಇರುವ ಒಡೆತನ, ಸಂಗಾತಿಯದ್ದು, ಅವಲಂಬಿತ ಮಕ್ಕಳದ್ದು ಎಲ್ಲವನ್ನೂ ಒಳಗೊಳ್ಳುತ್ತವೆ.

ಪಹಣಿಯಲ್ಲಿ ಅಜ್ಜನ ಹೆಸರೇ ಇರಬಹುದು. ಆದರೆ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಾಗಿದ್ದರೆ ಅದರಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಪಾಲು, 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಸಮನಾಗಿ. ಪಾಲುಪಟ್ಟಿ ಆಗಿದೆಯೇ, ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಸಹಿ ಹಾಕಿದ್ದೀರಾ, ಇವನ್ನು ಮನೆಯಲ್ಲಿ ಕೇಳಿ. ಈ ಮಾತು ತೆಗೆದರೆ ‘ಈಗಲೇ ಪಾಲು ಕೇಳ್ತಿದಾನೆ’ ಎಂದು ದೊಡ್ಡಪ್ಪ ಮುನಿಸಿಕೊಳ್ಳಬಹುದು, ಕೆಲಸದ ಫಾರ್ಮಿಗಾಗಿ ಎಂದು ಮೊದಲೇ ಹೇಳಿಬಿಡಿ. ಮೌಲ್ಯವನ್ನು ಡಾಲರಿನಲ್ಲಿ ಅಂದಾಜು ಮಾಡಬೇಕು. ಊರಿನವರು ಹೇಳುವ ಮಾರುಕಟ್ಟೆ ಬೆಲೆ ದಿನಕ್ಕೊಂದು ಇರುತ್ತದೆ, ಆದ್ದರಿಂದ ಉಪನೋಂದಣಾಧಿಕಾರಿ ಕಚೇರಿಯ ಮಾರ್ಗಸೂಚಿ ದರವನ್ನು ಆಧಾರವಾಗಿಟ್ಟುಕೊಂಡು, ಹಾಗೆ ಮಾಡಿದ್ದೇವೆಂದು ಬರೆಯಿರಿ.

ಬ್ಯಾಂಕಿನ ವಿಷಯಕ್ಕೆ ಎರಡು ಮುಖ. ಎಸ್‌ಎಫ್-86ರಲ್ಲಿ ಅನಿವಾಸಿ ಭಾರತೀಯರ ಎನ್‌ಆರ್‌ಇ, ಎನ್‌ಆರ್‌ಒ ಖಾತೆ, ಎಫ್‌ಡಿ, ಅಮ್ಮನ ಜೊತೆಗಿನ ಜಂಟಿ ಖಾತೆ ಎಲ್ಲವೂ ಬರಬೇಕು. ಬೇರೆಯಾಗಿ, ವಿದೇಶದ ಖಾತೆಗಳೆಲ್ಲ ಸೇರಿ ವರ್ಷದ ಯಾವುದೇ ಒಂದು ದಿನ 10,000 ಡಾಲರ್ ಮೀರಿದ್ದರೆ ಆ ವರ್ಷಕ್ಕೆ ಎಫ್‌ಬಿಎಆರ್ ಎಂಬ ವಿದೇಶಿ ಖಾತೆಗಳ ವರದಿಯನ್ನು ಅಮೆರಿಕ ಸರ್ಕಾರಕ್ಕೆ ಸಲ್ಲಿಸಿರಬೇಕು. ಜಂಟಿ ಖಾತೆಯಾದರೆ ಅರ್ಧ ಮೊತ್ತವಲ್ಲ, ಪೂರ್ತಿ ಮೊತ್ತ ಲೆಕ್ಕಕ್ಕೆ. ಅಮ್ಮನ ನಿವೃತ್ತಿ ಹಣವಿರುವ ಎಫ್‌ಡಿಯಲ್ಲಿ ‘ಇರಲಿ’ ಎಂದು ಸೇರಿಸಿದ ನಿಮ್ಮ ಹೆಸರು ಇಲ್ಲಿ ಎದ್ದು ಬರುತ್ತದೆ. ಸಲ್ಲಿಸದ ವರ್ಷಗಳಿದ್ದರೆ ಅರ್ಜಿ ಹಾಕುವ ಮೊದಲೇ ತೆರಿಗೆ ಸಲಹೆಗಾರರ ಮೂಲಕ ಸರಿಪಡಿಸಿಕೊಳ್ಳಿ. ತನಿಖೆ ಶುರುವಾದ ಮೇಲೆ ಸರಿಪಡಿಸಿದರೆ ಸಿಕ್ಕಿಬಿದ್ದ ಮೇಲೆ ಮಾಡಿದಂತೆ ಕಾಣುತ್ತದೆ.

ವಿದೇಶಿ ಪ್ರಜೆಗೆ ಯಾವತ್ತಾದರೂ ಹಣದ ನೆರವು ಕೊಟ್ಟಿದ್ದೀರಾ ಎಂಬ ಪ್ರಶ್ನೆಯೂ ಇದೆ. ಅಪ್ಪ ಅಮ್ಮನಿಗೆ ತಿಂಗಳು ತಿಂಗಳು ಕಳಿಸುವುದು, ಕಸಿನ್ ಕಾಲೇಜಿಗೆ ಕಟ್ಟಿದ ಫೀಸು ಎರಡೂ ನೆರವೇ. ಬೇರೆ ದೇಶದ ಚುನಾವಣೆಯಲ್ಲಿ ಮತ ಹಾಕಿದ್ದೀರಾ ಎಂದು ಕೇಳಿದಾಗ, ಭಾರತೀಯ ಪೌರರಾಗಿದ್ದಾಗ ಹಾಕಿದ್ದರೆ ಹೌದು ಎಂದೇ ಹೇಳಿ ವರ್ಷ ಬರೆಯಿರಿ. ಅದರಲ್ಲಿ ತಪ್ಪೇನಿಲ್ಲ.

ಈ ಹಂತದ ಎಚ್ಚರಿಕೆ: ‘ಇದನ್ನು ಬಿಟ್ಟರೆ ಯಾರಿಗೆ ಗೊತ್ತಾಗುತ್ತೆ’ ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ, ಆ ವಿಷಯವನ್ನೇ ಮೊದಲು ಬರೆಯಿರಿ. ಭದ್ರತಾ ಅರ್ಹತೆ (ಸರ್ಕಾರದ ಗುಟ್ಟಿನ ಮಾಹಿತಿ ನೋಡಲು ಬೇಕಾದ ಅನುಮತಿ) ನಿರ್ಧರಿಸುವ 2017ರ ಮಾರ್ಗಸೂಚಿಯಲ್ಲಿ 13 ತಲೆಬರಹಗಳಿವೆ. ವಿದೇಶಿ ಪ್ರಭಾವ ಅವುಗಳಲ್ಲೊಂದು, ಅದನ್ನು ತಗ್ಗಿಸುವ ಅಂಶಗಳನ್ನೂ ಅದೇ ಮಾರ್ಗಸೂಚಿ ಹೇಳುತ್ತದೆ. ಬೇಕೆಂದೇ ಮುಚ್ಚಿಟ್ಟದ್ದು ವೈಯಕ್ತಿಕ ನಡತೆ ಎಂಬ ತಲೆಬರಹಕ್ಕೆ ಹೋಗುತ್ತದೆ, ಅಲ್ಲಿಂದ ಹೊರಬರುವುದು ಕಷ್ಟ. ಸುಳ್ಳು ಹೇಳಿಕೆಗೆ ಫೆಡರಲ್ ಕಾನೂನಿನಲ್ಲಿ 5 ವರ್ಷದವರೆಗೆ ಜೈಲು ಇರುವುದು ಬೇರೆ.

ಹಂತ 5: ಅರ್ಜಿ, ಮತ್ತು ‘ನಾವು’ ಎಂಬ ಪದ

ಹುದ್ದೆಯ ಪ್ರಕಟಣೆ ಯುಎಸ್‌ಎಜಾಬ್ಸ್ ಎಂಬ ಅಮೆರಿಕ ಸರ್ಕಾರದ ಉದ್ಯೋಗ ತಾಣದಲ್ಲಿ ಬರುತ್ತದೆ, ವರ್ಷವಿಡೀ ತೆರೆದಿರುವುದಿಲ್ಲ. ಅಲ್ಲೇ ಅಲರ್ಟ್ ಹಾಕಿಡಿ. ಪ್ರತಿ ಸಲದ ಪ್ರಕಟಣೆಯಲ್ಲೂ ಷರತ್ತು ಸ್ವಲ್ಪ ಬದಲಾಗುವುದರಿಂದ ಹಳೆಯದನ್ನು ನೆಚ್ಚಬೇಡಿ. ಟ್ರಾನ್‌ಸ್ಕ್ರಿಪ್ಟ್ (ಕಾಲೇಜಿನ ಅಂಕಗಳ ದಾಖಲೆ) ಲಗತ್ತಿಸದೆ ಬಿದ್ದುಹೋದ ಅರ್ಜಿಗಳಿಗೆ ಲೆಕ್ಕವಿಲ್ಲ.

ಅರ್ಜಿಯ ಜೀವಾಳ ಚಿಕ್ಕ ಪ್ರಬಂಧದಂಥ ಉತ್ತರಗಳು. ಒತ್ತಡದಲ್ಲಿ ನೀವು ತೆಗೆದುಕೊಂಡ ನಿರ್ಧಾರ, ಮುಂದಾಳಾಗಿ ಮಾಡಿದ ಕೆಲಸ, ಬೇರೆ ಸಂಸ್ಕೃತಿಯವರೊಂದಿಗೆ ಹೊಂದಿಕೊಂಡ ಬಗೆ ಇಂಥವು. ಉತ್ತರವನ್ನು ದೃಢಪಡಿಸಬಲ್ಲವರ ಹೆಸರನ್ನೂ ಕೇಳುತ್ತಾರೆ. ಇಲ್ಲಿ ನಮ್ಮ ಸಂಕೋಚ ಕೈಕೊಡುತ್ತದೆ. ‘ನಾವು ತಂಡವಾಗಿ ಸಮಸ್ಯೆ ಬಗೆಹರಿಸಿದೆವು’ ಎಂಬ ವಾಕ್ಯಕ್ಕೆ ಅಂಕವಿಲ್ಲ, ಅದರಲ್ಲಿ ನೀವು ಕಾಣುವುದೇ ಇಲ್ಲ. ಬದಲಿಗೆ ಹೀಗೆ: ‘ಬೆಂಕಿಯ ಅಲಾರಂ ಬಾರಿಸಿದಾಗ ಮೂರನೇ ಮಹಡಿಯಲ್ಲಿ ನಾನೊಬ್ಬನೇ ಮೇಲ್ವಿಚಾರಕ. ಮುಖ್ಯ ಮೆಟ್ಟಿಲಲ್ಲಿ ಹೊಗೆ ಇದ್ದುದರಿಂದ ಎಲ್ಲರನ್ನೂ ಹಿಂದಿನ ಮೆಟ್ಟಿಲಿಗೆ ತಿರುಗಿಸಿದೆ. ಕೆಳಗೆ ಎಣಿಸಿದಾಗ ಒಬ್ಬರು ಕಡಿಮೆ. ಹೆಸರನ್ನು ಅಗ್ನಿಶಾಮಕರಿಗೆ ಕೊಟ್ಟೆ, ನಾನು ಮತ್ತೆ ಒಳಗೆ ಹೋಗಲಿಲ್ಲ.’ ಕೊನೆಯ ವಾಕ್ಯ ಮುಖ್ಯ. ವಿವೇಚನೆ ಕಾಣುವುದು ಅಲ್ಲಿ.

ಹಂತ 6: ಸಂದರ್ಶನ, ಓಟ

ಅರ್ಜಿ ದಾಟಿದವರಿಗೆ ಮೌಖಿಕ ಮೌಲ್ಯಮಾಪನ ಇರುತ್ತದೆ. ಸಂದರ್ಶಕರು ಕಾಲ್ಪನಿಕ ಸನ್ನಿವೇಶ ಕೊಟ್ಟು ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ತಪ್ಪು ಉತ್ತರಕ್ಕಿಂತ ಬೇಗ ಕೆಡಿಸುವುದು ಬಂದೂಕಿನ ಉತ್ಸಾಹ. ರಾಯಭಾರ ಕಚೇರಿಯ ಮುಂದೆ ಪ್ರತಿಭಟನೆ ಎಂದ ತಕ್ಷಣ ಬಲಪ್ರಯೋಗದ ಮಾತಾಡಬೇಡಿ. ಹೊರಗಿನ ಬೀದಿ ಆತಿಥೇಯ ದೇಶದ್ದು, ರಾಜತಾಂತ್ರಿಕ ಸಂಬಂಧಗಳ 1961ರ ವಿಯೆನ್ನಾ ಒಪ್ಪಂದದ ಪ್ರಕಾರ ಕಚೇರಿಯನ್ನು ಕಾಯುವ ಹೊಣೆ ಆ ದೇಶದ ಸರ್ಕಾರದ್ದು. ಅಲ್ಲಿನ ಪೊಲೀಸರಿಗೆ ಕರೆ, ಬಾಗಿಲು ಭದ್ರ, ಸಿಬ್ಬಂದಿಯ ಎಣಿಕೆ, ರಾಯಭಾರಿಗೆ ವರದಿ, ಈ ಕ್ರಮದಲ್ಲಿ ಯೋಚಿಸುವವರು ಬೇಕು.

ದೈಹಿಕ ಪರೀಕ್ಷೆಯಲ್ಲಿ ಒಂದೂವರೆ ಮೈಲಿ ಓಟ, ಪುಷ್‌ಅಪ್, ಸಿಟ್‌ಅಪ್‌ಗೆ ಸಿದ್ಧರಾಗಿ. ಕರೆ ಬಂದ ಮೇಲೆ ಓಡಲು ಶುರುಮಾಡಿದರೆ ಮೊಣಕಾಲ ಕೆಳಗಿನ ಮುಂಭಾಗ ನೋಯತೊಡಗುತ್ತದೆ. ಮೂರು ತಿಂಗಳ ಮೊದಲೇ ಆರಂಭಿಸಿ, ವಾರಕ್ಕೆ ನಾಲ್ಕು ದಿನ ಸಾಕು, ದೂರವನ್ನು ನಿಧಾನಕ್ಕೆ ಏರಿಸಿ. ಪುಷ್‌ಅಪ್‌ನಲ್ಲಿ ಎದೆ ಪೂರ್ತಿ ಇಳಿಯದಿದ್ದರೆ ಎಣಿಸುವುದಿಲ್ಲ, ಬೇರೊಬ್ಬರಿಂದ ಎಣಿಸಿಕೊಂಡು ಅಭ್ಯಾಸ ಮಾಡಿ.

ಹಂತ 7: ತನಿಖೆ ನಡೆಯುವಾಗ

ಫಾರ್ಮ್ ಸಲ್ಲಿಸಿದ ಮೇಲೆ ತನಿಖಾಧಿಕಾರಿ ಮುಖಾಮುಖಿ ಕೂತು ಸಾಲು ಸಾಲಾಗಿ ಕೇಳುತ್ತಾರೆ. ಸಲ್ಲಿಸಿದ ಪ್ರತಿಯನ್ನು ಹಿಂದಿನ ರಾತ್ರಿ ಓದಿಕೊಳ್ಳಿ. ತಪ್ಪು ಕಂಡರೆ ಅವರು ಕೇಳುವ ಮೊದಲೇ ನೀವೇ ಹೇಳಿ.

ಕಾಯುವ ತಿಂಗಳುಗಳಲ್ಲಿ ಬದಲಾದದ್ದನ್ನೆಲ್ಲ ತಿಳಿಸಬೇಕು: ಮನೆ ಬದಲಾಯಿತು, ಭಾರತಕ್ಕೆ ಹೋಗಿಬಂದಿರಿ, ಮದುವೆ ನಿಶ್ಚಯವಾಯಿತು. ಹುಡುಗಿಯೋ ಹುಡುಗನೋ ಭಾರತದವರಾಗಿದ್ದರೆ ನಿಶ್ಚಿತಾರ್ಥದ ಮೊದಲೇ ತಿಳಿಸುವುದು ಲೇಸು, ಅವರ ಮನೆಯವರ ವಿವರವೂ ತನಿಖೆಗೆ ಸೇರುತ್ತದೆ. ಗಾಂಜಾ ನಿಮ್ಮ ರಾಜ್ಯದಲ್ಲಿ ಅಂಗಡಿಯಲ್ಲೇ ಸಿಗಬಹುದು, ಆದರೆ ಫೆಡರಲ್ ಕಾನೂನು ಒಪ್ಪುವುದಿಲ್ಲ, ಇಲ್ಲಿ ನಡೆಯುವುದು ಫೆಡರಲ್ ಕಾನೂನು. 120 ದಿನ ಮೀರಿ ಬಾಕಿ ಉಳಿಸಿಕೊಂಡ ಸಾಲವೂ ಫಾರ್ಮಿನ ಪ್ರಶ್ನೆಗಳಲ್ಲೊಂದು. ಸಾಲದ ದಾಖಲೆ ಇಡುವ ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರು ಕಂಪನಿಗಳ ವರದಿಯನ್ನೂ ತರಿಸಿ ನೋಡಿ, ಮರೆತುಹೋದ ಆಸ್ಪತ್ರೆ ಬಿಲ್ಲು ಅಲ್ಲಿ ಸಿಗುತ್ತದೆ.

ಭದ್ರತಾ ಅರ್ಹತೆ ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಪಡೆಯುವ, ಉತ್ತರ ಕೊಡುವ, ಮೇಲ್ಮನವಿ ಸಲ್ಲಿಸುವ ಹಕ್ಕು ಇದೆ. ಪತ್ರದಲ್ಲಿರುವ ಗಡುವನ್ನು ಮೀರಬೇಡಿ. ಉತ್ತರದಲ್ಲಿ ದೇಶಭಕ್ತಿಯ ಭಾಷಣ ಬೇಡ, ಪ್ರತಿ ಅಂಶಕ್ಕೂ ಒಂದು ದಾಖಲೆ ಇಡಿ: ಹಕ್ಕು ಬಿಡುಗಡೆ ಪತ್ರ, ಮುಚ್ಚಿದ ಖಾತೆಯ ಸ್ಟೇಟ್‌ಮೆಂಟ್, ತೆರಿಗೆ ಸಲ್ಲಿಸಿದ ರಸೀದಿ.

ಹಂತ 8: ತರಬೇತಿ ಮತ್ತು ಮೊದಲ ವರ್ಷಗಳು

ತರಬೇತಿ ಆರು ತಿಂಗಳಿಗೂ ಹೆಚ್ಚು. ಜಾರ್ಜಿಯಾದ ಗ್ಲಿಂಕೊದಲ್ಲಿರುವ ಫೆಡರಲ್ ಕೇಂದ್ರದಲ್ಲಿ ಸುಮಾರು 12 ವಾರ ಅಪರಾಧ ತನಿಖೆಯ ಪಾಠ, ಉಳಿದದ್ದು ವರ್ಜೀನಿಯಾದ ಬ್ಲ್ಯಾಕ್‌ಸ್ಟೋನ್ ಬಳಿಯ ವಿದೇಶಾಂಗ ಇಲಾಖೆಯ ಸ್ವಂತ ಕೇಂದ್ರದಲ್ಲಿ: ವಾಹನ ಚಾಲನೆ, ಬಂದೂಕು, ಗಣ್ಯರ ರಕ್ಷಣೆ, ಪ್ರಥಮ ಚಿಕಿತ್ಸೆ.

ಸಾಮಾನ್ಯವಾಗಿ ಮೊದಲ ಪೋಸ್ಟಿಂಗ್ ಅಮೆರಿಕದೊಳಗಿನ ಫೀಲ್ಡ್ ಆಫೀಸಿನಲ್ಲಿ. ಸತ್ತ ಮಗುವಿನ ಜನನ ಪತ್ರದಿಂದ ಪಾಸ್‌ಪೋರ್ಟ್ ಪಡೆದವರನ್ನು ಹುಡುಕುವಂಥ ಕೇಸುಗಳು ಮೇಜಿಗೆ ಬರುತ್ತವೆ. ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆ ಮಹಾಸಭೆಗೆ ಬರುವ ವಿದೇಶಾಂಗ ಸಚಿವರ ರಕ್ಷಣೆಗೆ ಎಲ್ಲ ಕಡೆಯಿಂದ ಏಜೆಂಟರನ್ನು ಎಳೆದುಕೊಳ್ಳುತ್ತಾರೆ. ಅಧ್ಯಕ್ಷರು, ಪ್ರಧಾನಿಗಳು ಮಾತ್ರ ಸೀಕ್ರೆಟ್ ಸರ್ವಿಸ್ ಪಾಲು. ಆ ತಿಂಗಳು ಊರಿನ ಮದುವೆಗೆ ಟಿಕೆಟ್ ಮಾಡಿಸಿಕೊಂಡರೆ ಹಣ ಹೋದಂತೆಯೇ.

ಆಮೇಲೆ ವಿದೇಶ, ಸಹಾಯಕ ಪ್ರಾದೇಶಿಕ ಭದ್ರತಾ ಅಧಿಕಾರಿಯಾಗಿ. ಹೊಸಬರು ನಿರೀಕ್ಷಿಸದೇ ಇರುವುದು ಅಲ್ಲಿನ ಆಡಳಿತದ ಕೆಲಸ: ಸ್ಥಳೀಯ ಕಾವಲುಗಾರರ ಪಾಳಿ ಪಟ್ಟಿ, ಸಿಬ್ಬಂದಿ ಮನೆಗಳ ಕಿಟಕಿ ಸರಳು ಮತ್ತು ಬೀಗದ ಪರಿಶೀಲನೆ, ಮೆರೀನ್ ಕಾವಲುಪಡೆಯೊಂದಿಗೆ ಅಣಕು ಕಾರ್ಯಾಚರಣೆ, ಸ್ಥಳೀಯವಾಗಿ ಸೇರಿಸಿಕೊಳ್ಳುವವರ ಹಿನ್ನೆಲೆ ತಪಾಸಣೆ. ಆ ತಪಾಸಣೆಯಲ್ಲಿ ಯಾರದೋ ವಿಳಾಸಗಳ ನಡುವೆ ಬಿಟ್ಟುಹೋದ ಏಪ್ರಿಲ್ ತಿಂಗಳನ್ನು ಹುಡುಕಿ ಕೇಳುವ ಸರದಿ ನಿಮ್ಮದಾಗಿರುತ್ತದೆ.